ಹೊಲ ಅಡ ಇಟ್ಟು ಸಮುದಾಯ ಅಭಿವೃದ್ಧಿ ಓದಲು ಹೋಗಬೇಕೇ?

ಪ್ರಶ್ನೆ: ನಾನು ಕೊಪ್ಪಳ ಜಿಲ್ಲೆಯವಳು. ಸಮಾಜಕಾರ್ಯದ ಪದವಿ (ಬಿ.ಎಸ್.ಡಬ್ಲ್ಯು.) ಮುಗಿಸಿ ಮೂರು ವರ್ಷದಿಂದ ಸ್ವಯಂಸೇವಾ ಸಂಸ್ಥೆಯೊಂದರಲ್ಲಿ ಮಹಿಳಾ ಸ್ವಸಹಾಯ ಸಂಘಗಳನ್ನು ನೋಡಿಕೊಳ್ಳುತ್ತಿದ್ದೇನೆ. ಸಂಬಳ 22 ಸಾವಿರ. ಇಂಗ್ಲೆಂಡಿನ ಒಂದು ವಿಶ್ವವಿದ್ಯಾಲಯದಲ್ಲಿ ಅಂತರರಾಷ್ಟ್ರೀಯ ಸಮುದಾಯ ಅಭಿವೃದ್ಧಿಯ ಒಂದು ವರ್ಷದ ಎಂ.ಎ.ಗೆ ಸೀಟು ಸಿಕ್ಕಿದೆ. ಫೀ 22,500 ಪೌಂಡ್. ಎಲ್ಲ ಸೇರಿ 40 ಲಕ್ಷ ಬೇಕು. ನಾಲ್ಕು ಎಕರೆ ಹೊಲ ಅಡ ಇಟ್ಟು ಸಾಲ ಮಾಡೋಣ ಎನ್ನುತ್ತಾರೆ ಅಪ್ಪ. ಓದು ಮುಗಿದರೆ ವಿಶ್ವಸಂಸ್ಥೆಯಲ್ಲೋ ದೊಡ್ಡ ಸಂಸ್ಥೆಯಲ್ಲೋ ಕೆಲಸ ಖಚಿತ ಎನ್ನುತ್ತಾರೆ ಏಜೆಂಟರು. ‘ಊರಾಗಿನ ಕೆಲಸ ಕಲಿಯಾಕ ಇಂಗ್ಲೆಂಡಿಗ್ಯಾಕ ಹೋಗ್ಬೇಕು?’ ಎನ್ನುತ್ತಾರೆ ನಮ್ಮ ಸಂಸ್ಥೆಯ ಹಿರಿಯರು. ನಾನೇನು ಮಾಡಲಿ?

ಉತ್ತರ: ಮೊದಲು ನಿಮ್ಮ ತಂದೆಯವರ ಮಾತಿಗೆ ಉತ್ತರ ಹೇಳಿಬಿಡುತ್ತೇನೆ. ಈ ಓದಿಗಾಗಿ ಹೊಲ ಅಡ ಇಡಬೇಡಿ. ಓದಿನ ಆಸೆಯನ್ನು ಮಾತ್ರ ಬಿಡಬೇಡಿ. ಎರಡೂ ಮಾತನ್ನು ಒಂದೇ ತೂಕದಲ್ಲಿ ಹೇಳುತ್ತಿದ್ದೇನೆ.

ಇಪ್ಪತ್ತು ವರ್ಷಗಳ ಹಿಂದೆ ನಾನೂ ಇಂಥದೇ ಕೋರ್ಸಿಗೆಂದು ವಿದ್ಯಾರ್ಥಿವೇತನದ ಮೇಲೆ ಇಂಗ್ಲೆಂಡಿಗೆ ಹೋಗಿದ್ದೆ. ಸಾಲ ಮಾಡಿಕೊಂಡು ಬಂದಿದ್ದ ಸಹಪಾಠಿಗಳೂ ಇದ್ದರು. ನಾವೆಲ್ಲ ಕೂತದ್ದು ಒಂದೇ ತರಗತಿಯಲ್ಲಾದರೂ ಓದಿದ್ದು ಒಂದೇ ಓದಲ್ಲ. ಸಂಜೆ ನಾಲ್ಕಾಯಿತೆಂದರೆ ಅವರು ಪುಸ್ತಕ ಮುಚ್ಚಿಟ್ಟು ಹೋಟೆಲಿನ ಪಾತ್ರೆ ತೊಳೆಯಲು ಓಡುತ್ತಿದ್ದರು. ಪ್ರಬಂಧಕ್ಕಾಗಿ ತಮ್ಮ ದೇಶಕ್ಕೆ ಹೋಗಿ ಹಳ್ಳಿಯಲ್ಲಿ ಕೆಲಸ ಮಾಡಿ ಬರುವ ಅವಕಾಶವಿತ್ತು. ಟಿಕೆಟಿಗೆ ದುಡ್ಡಿಲ್ಲದೆ ಅವರು ಗ್ರಂಥಾಲಯದಲ್ಲೇ ಕೂತು ಬರೆದರು. ಆ ಕೋರ್ಸಿನಲ್ಲಿ ಅತ್ಯಂತ ಬೆಲೆಬಾಳುವ ಭಾಗವೇ ಅವರ ಕೈತಪ್ಪಿತು.

ಇನ್ನು ನಿಮ್ಮ ಹಿರಿಯರ ಪ್ರಶ್ನೆ. ಅದರಲ್ಲಿ ಹುರುಳಿದೆ. ಸಮುದಾಯ ಅಭಿವೃದ್ಧಿ ಎಂಬ ಹೆಸರಿಟ್ಟು ದೇಶವ್ಯಾಪಿ ಸರ್ಕಾರಿ ಕಾರ್ಯಕ್ರಮ ನಡೆಸಿದ ಮೊದಲಿಗರಲ್ಲಿ ನಾವೂ ಇದ್ದೇವೆ. 1952ರ ಅಕ್ಟೋಬರ್ 2ರಂದು 55 ಕಡೆ ಶುರುವಾದ ಆ ಕಾರ್ಯಕ್ರಮದ ಜೊತೆಗೇ ಬ್ಲಾಕು, ಬಿಡಿಒ, ಗ್ರಾಮಸೇವಕ ಎಂಬ ಮಾತುಗಳು ಹಳ್ಳಿಗಳಲ್ಲಿ ಬಳಕೆಗೆ ಬಂದವು. ಜನ ಅದನ್ನು ತಮ್ಮದೆಂದುಕೊಂಡಿಲ್ಲ, ಸರ್ಕಾರದ ಕೆಲಸವೆಂದು ದೂರ ನಿಂತಿದ್ದಾರೆ ಎಂಬುದು 1957ರಲ್ಲಿ ಬಲವಂತರಾಯ್ ಮೆಹ್ತಾ ಸಮಿತಿಗೆ ಕಂಡಿತು. ಪಂಚಾಯತ್ ರಾಜ್ ವ್ಯವಸ್ಥೆ ಹೊರಟಿದ್ದು ಅಲ್ಲಿಂದ. ನಮ್ಮ ರಾಜ್ಯದಲ್ಲಿ ‘ನೀರ್ ಸಾಬ್’ ಎಂದೇ ಜನ ಕರೆದ ಅಬ್ದುಲ್ ನಜೀರ್ ಸಾಬ್ ಅವರು ಬೆನ್ನಿಗೆ ನಿಂತು ತಂದ 1983ರ ಕಾಯ್ದೆ, ಅದರಂತೆ 1987ರಲ್ಲಿ ನಡೆದ ಚುನಾವಣೆ, ಇವನ್ನು ಬಿಟ್ಟು ಅಧಿಕಾರ ವಿಕೇಂದ್ರೀಕರಣದ ಚರಿತ್ರೆ ಬರೆಯಲಾಗದು.

ನೀವು ದಿನಾ ನೋಡುವ ಸ್ವಸಹಾಯ ಸಂಘದ ಒಂದು ಬೇರು ಕೂಡ ಇಲ್ಲೇ ಇದೆ. 1984–85ರ ಹೊತ್ತಿಗೆ ಮೈರಾಡ ಸಂಸ್ಥೆ ಕೆಲಸ ಮಾಡುತ್ತಿದ್ದ ಕಡೆ ದೊಡ್ಡ ಸಹಕಾರ ಸಂಘಗಳು ಒಡೆದುಹೋದಾಗ, ಒಬ್ಬರನ್ನೊಬ್ಬರು ನಂಬುವ ಹತ್ತಿಪ್ಪತ್ತು ಜನ ಸಣ್ಣ ಸಣ್ಣ ಗುಂಪುಗಳಾಗಿ ಉಳಿದುಕೊಂಡರು. ಇಂಥ ಗುಂಪುಗಳಿಂದ ಕಲಿತ ನಬಾರ್ಡ್ (ಕೃಷಿ ಮತ್ತು ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕು) 1992ರಲ್ಲಿ 500 ಗುಂಪುಗಳ ಗುರಿಯಿಟ್ಟು ಅವನ್ನು ಬ್ಯಾಂಕ್ ಸಾಲಕ್ಕೆ ಜೋಡಿಸುವ ಪ್ರಯೋಗಕ್ಕೆ ಇಳಿಯಿತು. ಹಳ್ಳಿಯವರೇ ತಮ್ಮ ಊರಿನ ಸ್ಥಿತಿಗತಿಯನ್ನು ನಕ್ಷೆ ಬರೆದು ತಿಳಿದುಕೊಳ್ಳುವ ಪಿ.ಆರ್.ಎ. (ಸಹಭಾಗಿ ಗ್ರಾಮೀಣ ಅಧ್ಯಯನ) ವಿಧಾನದ ಕಥೆಯೂ ಹಾಗೇ. ಸಸೆಕ್ಸಿನಲ್ಲಿ 1966ರಲ್ಲಿ ಶುರುವಾದ ಅಭಿವೃದ್ಧಿ ಅಧ್ಯಯನ ಸಂಸ್ಥೆಯ ರಾಬರ್ಟ್ ಚೇಂಬರ್ಸ್ 1989ರಿಂದ 1991ರವರೆಗೆ ಹೈದರಾಬಾದಿನಲ್ಲಿದ್ದರು. ಮೈರಾಡದಂಥ ಸಂಸ್ಥೆಗಳ ಕಾರ್ಯಕರ್ತರು ಹಳ್ಳಿಯವರ ಕೈಗೇ ರಂಗೋಲಿ ಪುಡಿ ಕೊಟ್ಟು ನಕ್ಷೆ ಬರೆಸುತ್ತಿದ್ದದ್ದನ್ನು ಅವರು ಹತ್ತಿರದಿಂದ ಕಂಡರು, ಕಲಿತರು, ಜಗತ್ತಿಗೆ ಹೇಳಿದರು. ನೀವು ಓದಲು ಹೊರಟಿರುವ ಪಾಠದ ಒಂದು ಭಾಗ ನಮ್ಮ ಸೀಮೆಯಿಂದಲೇ ಹೋದದ್ದು.

ಹಾಗಾದರೆ ಅಲ್ಲಿಗೆ ಹೋಗಿ ಕಲಿಯುವುದು ಏನಿದೆ? ನನಗಾದದ್ದನ್ನು ಹೇಳುತ್ತೇನೆ.

ಹೋಗುವ ಮೊದಲು ರಾಯಚೂರು ಜಿಲ್ಲೆಯ ಒಂದು ಊರಿನಲ್ಲಿ ಎರಡು ದಿನ ಪಿ.ಆರ್.ಎ. ಮಾಡಿದ್ದೆವು. ಹನುಮಪ್ಪನ ಗುಡಿಯ ಮುಂದೆ ಗಂಡಸರು ಒಂದು ನಕ್ಷೆ ಬರೆದರು, ಶಾಲೆಯ ಅಂಗಳದಲ್ಲಿ ಹೆಂಗಸರು ಇನ್ನೊಂದು. ಗಂಡಸರ ನಕ್ಷೆಯಲ್ಲಿ ಗುಡಿ, ಬಸ್ ನಿಲ್ಲುವ ಜಾಗ, ಕೊಳವೆಬಾವಿ, ಯಾರ್‍ಯಾರ ಹೊಲ ಎಲ್ಲೆಲ್ಲಿ ಎಂಬುದೆಲ್ಲ ಇತ್ತು. ಹೆಂಗಸರು ಮೊದಲು ಬರೆದದ್ದು ನೀರಿಗೆ ಹೋಗುವ ದಾರಿ. ಆಮೇಲೆ ಊರಾಚೆಯ ಜಾಲಿ ಪೊದೆ. ‘ಅದ್ಯಾಕ ಬರೀತಿ, ನಾಚಿಕಿ ಇಲ್ಲೇನು’ ಎಂದು ಒಬ್ಬಾಕೆ ಗದರಿದಳು. ‘ಹೊತ್ತು ಹುಟ್ಟೂಕಿಂತ ಮೊದಲ ಅಲ್ಲಿಗೆ ಹೋಗೂದು ನಾವ ಅಲ್ಲೇನು, ಬರೀಲಿ ಬಿಡು’ ಎಂದಳು ಇನ್ನೊಬ್ಬಾಕೆ. ಕೊನೆಗೆ ಸಾರಾಯಿ ಅಂಗಡಿಯನ್ನೂ ಬರೆದರು. ಇಟ್ಟಿಗೆ ಪುಡಿಯಲ್ಲಿ, ಕೆಂಪಗೆ, ಗುಡಿಗಿಂತ ದೊಡ್ಡದಾಗಿ. ನಮಗೆಲ್ಲ ಬಹಳ ಸಂತೋಷವಾಗಿತ್ತು. ಫೋಟೊ ತೆಗೆದುಕೊಂಡೆವು, ವರದಿ ಬರೆದೆವು.

ಇಂಗ್ಲೆಂಡಿನಲ್ಲಿ ಒಂದು ಪ್ರಬಂಧಕ್ಕೆ ಆ ಫೋಟೊ ಅಂಟಿಸಿ ಕೊಟ್ಟೆ. ಓದಿದ ಶಿಕ್ಷಕಿ ಕರೆದು, ಫೋಟೊದ ಅಂಚಿನ ಮೇಲೆ ಬೆರಳಿಟ್ಟು, ‘ಇವರು ಯಾರು?’ ಎಂದರು. ಅಂಗಳದ ಗೋಡೆಗೆ ಒರಗಿ, ಸೆರಗು ಬಾಯಿಗೆ ಹಿಡಿದು ನಿಂತಿದ್ದ ಒಬ್ಬ ಅಜ್ಜಿ. ಎರಡು ದಿನ ಆಕೆ ಅಲ್ಲೇ ನಿಂತಿದ್ದಳು. ರಂಗೋಲಿ ಮುಟ್ಟಲಿಲ್ಲ, ಕೂರಲಿಲ್ಲ. ದಲಿತ ಕೇರಿಯವಳು. ನಕ್ಷೆಯನ್ನು ಮತ್ತೆ ನೋಡಿದೆ: ಆಕೆಯ ಕೇರಿ ಗಂಡಸರ ನಕ್ಷೆಯಲ್ಲೂ ಇರಲಿಲ್ಲ, ಹೆಂಗಸರ ನಕ್ಷೆಯಲ್ಲೂ ಇರಲಿಲ್ಲ. ‘ಇಡೀ ಊರು ಸೇರಿ ಬರೆದ ನಕ್ಷೆ’ ಎಂದು ನಾನು ವರದಿಯಲ್ಲಿ ಬರೆದಿದ್ದೆ.

ಜಾತಿ ಎಂದರೇನೆಂದು ಆ ಶಿಕ್ಷಕಿ ನನಗೆ ಕಲಿಸಬೇಕಾಗಿರಲಿಲ್ಲ. ಅದು ನನಗೆ ಗೊತ್ತಿತ್ತು, ಗೊತ್ತಿದ್ದೂ ಕಂಡಿರಲಿಲ್ಲ. ದಿನಾ ನೋಡುವ ಅಂಗಳವನ್ನು ದೂರ ನಿಂತು ನೋಡಲು ಒಂದು ವರ್ಷ ಸಿಗುವುದೇ ಈ ಓದಿನ ಲಾಭ. ಹೆಸರಾಂತ ಪುಸ್ತಕಗಳನ್ನು ಊರಿನಲ್ಲೇ ಕೂತು ಓದಬಹುದು. ಶೆರಿ ಆರ್ನ್‌ಸ್ಟೈನ್ 1969ರಲ್ಲಿ ಬರೆದ ‘ಪಾಲ್ಗೊಳ್ಳುವಿಕೆಯ ಏಣಿ’ಗೆ ಎಂಟು ಮೆಟ್ಟಿಲು. ಕೆಳಗಿನ ಮೆಟ್ಟಿಲಲ್ಲಿ ಜನರನ್ನು ಕೂರಿಸಿ ತಲೆಯಾಡಿಸುವಂತೆ ಮಾಡುವುದು, ಮೇಲಿನ ಮೆಟ್ಟಿಲಲ್ಲಿ ಜನರೇ ತೀರ್ಮಾನ ಮಾಡುವುದು. ಗ್ರಾಮಸಭೆಯ ಪುಸ್ತಕ ಮನೆಮನೆಗೆ ಹೋಗಿ ಸಹಿ ಹಾಕಿಸಿಕೊಂಡು ಬರುವುದನ್ನು ಕಂಡ ನಿಮಗೆ ಅದು ಯಾವ ಮೆಟ್ಟಿಲೆಂದು ಅರ್ಧ ಗಂಟೆಯಲ್ಲಿ ತಿಳಿಯುತ್ತದೆ. ಮೂರು ವರ್ಷ ಹಳ್ಳಿ ತಿರುಗಿದವರಿಗೂ ಡಿಗ್ರಿ ಮುಗಿಸಿ ನೇರ ಬಂದವರಿಗೂ ಇರುವ ವ್ಯತ್ಯಾಸ ಇದು. ನಿಮ್ಮ ಹತ್ತಿರ ಆ ಮೂರು ವರ್ಷ ಇದೆ, ಅದೇ ನಿಮ್ಮ ಬಂಡವಾಳ.

‘ಅಂತರರಾಷ್ಟ್ರೀಯ’ ಎಂಬ ಮಾತಿಗೆ ನಾನು ಕೊಡುವ ಅರ್ಥವೂ ವಿಮಾನ ಹತ್ತುವುದಲ್ಲ. ನಿಮ್ಮ ಕೆಲಸದಿಂದಲೇ ಒಂದು ಉದಾಹರಣೆ ತೆಗೆದುಕೊಳ್ಳಿ. ಆಫ್ರಿಕದ ನೈಜರ್ ದೇಶದಲ್ಲಿ 1991ರಲ್ಲಿ ಕೇರ್ ಸಂಸ್ಥೆ ಹೆಂಗಸರ ಉಳಿತಾಯ ಗುಂಪುಗಳನ್ನು ಶುರುಮಾಡಿತು. ಅದರಿಂದ ಬೆಳೆದು ಇಂದು ಹಲವು ದೇಶಗಳಲ್ಲಿರುವ ಗುಂಪುಗಳು ದುಡ್ಡನ್ನು ಬ್ಯಾಂಕಿನಲ್ಲಿ ಇಡುವುದಿಲ್ಲ, ಒಂದು ಕಬ್ಬಿಣದ ಪೆಟ್ಟಿಗೆಯಲ್ಲಿ ಇಡುತ್ತವೆ. ಪೆಟ್ಟಿಗೆಗೆ ಮೂರು ಬೀಗ, ಮೂರು ಬೀಗದ ಕೈ ಮೂವರು ಹೆಂಗಸರ ಹತ್ತಿರ, ಪೆಟ್ಟಿಗೆ ನಾಲ್ಕನೆಯವಳ ಮನೆಯಲ್ಲಿ. ಎಲ್ಲರೂ ಸೇರಿದ ಸಭೆಯಲ್ಲೇ ಪೆಟ್ಟಿಗೆ ತೆರೆಯಬೇಕು. ವರ್ಷದ ಕೊನೆಗೆ, ಹೆಚ್ಚಾಗಿ ಬಿತ್ತನೆಗೋ ಹಬ್ಬಕ್ಕೋ ದುಡ್ಡು ಬೇಕಾದ ಹೊತ್ತಿಗೆ, ಬಡ್ಡಿ ಸಮೇತ ಎಲ್ಲ ಹಂಚಿಕೊಂಡು ಲೆಕ್ಕ ಚುಕ್ತಾ ಮಾಡಿ ಹೊಸದಾಗಿ ಶುರುಮಾಡುತ್ತಾರೆ.

ಈಗ ನಿಮ್ಮ ಸಂಘಗಳನ್ನು ನೆನೆಸಿಕೊಳ್ಳಿ. ನಮ್ಮಲ್ಲಿ ಉಳಿತಾಯ ಸಂಘದ ಖಾತೆಯಲ್ಲೇ ಬೆಳೆಯುತ್ತದೆ, ಅದನ್ನು ನೋಡಿ ಬ್ಯಾಂಕು ಸಾಲ ಕೊಡುತ್ತದೆ. ಅದರಿಂದ ನಮ್ಮ ಹೆಂಗಸರಿಗೆ ದೊಡ್ಡ ಮೊತ್ತ ಸಿಕ್ಕಿತು. ಆದರೆ ಹತ್ತು ವರ್ಷದ ಪುಸ್ತಕದಲ್ಲಿ ತನ್ನ ಪಾಲೆಷ್ಟು ಎಂದು ಓದು ಬಾರದ ಸದಸ್ಯೆಗೆ ತಿಳಿಯದು. ಪ್ರತಿನಿಧಿ ಹೇಳಿದ್ದೇ ಲೆಕ್ಕ. ಆ ಪೆಟ್ಟಿಗೆಯ ಗುಂಪುಗಳಲ್ಲಿ ವರ್ಷಕ್ಕೊಮ್ಮೆ ಪ್ರತಿಯೊಬ್ಬಳೂ ತನ್ನ ದುಡ್ಡನ್ನು ಕೈಯಲ್ಲಿ ಹಿಡಿದು ಎಣಿಸುತ್ತಾಳೆ. ಆದರೆ ಅವಳಿಗೆ ದೊಡ್ಡ ಸಾಲ ಸಿಗದು. ಯಾವುದು ಸರಿ? ಬ್ಯಾಂಕ್ ಶಾಖೆ ಎಷ್ಟು ದೂರ, ಸರ್ಕಾರ ಬೆನ್ನಿಗಿದೆಯೇ, ಊರಿನಲ್ಲಿ ಯಾರು ಯಾರನ್ನು ನಂಬುತ್ತಾರೆ ಎಂಬುದರ ಮೇಲೆ ಅದು ನಿಂತಿದೆ. ಮಲಾವಿಯ, ನೇಪಾಳದ, ಪೆರುವಿನ ಕ್ಷೇತ್ರ ಕಾರ್ಯಕರ್ತರು ಒಂದೇ ಮೇಜಿನ ಸುತ್ತ ಕೂತು ಇಂಥದನ್ನು ವಾದಿಸುವ ತರಗತಿ ಸಿಕ್ಕರೆ ಅದಕ್ಕೆ ಬೆಲೆ ಕಟ್ಟಲಾಗದು. ಅದಕ್ಕೇ ಸೀಟು ಕೊಟ್ಟವರಿಗೆ ಇಮೇಲ್ ಮಾಡಿ ಕೇಳಿ: ಹೋದ ವರ್ಷ ತರಗತಿಯಲ್ಲಿ ಯಾವ ಯಾವ ದೇಶದವರಿದ್ದರು, ಕೆಲಸ ಮಾಡಿ ಬಂದವರೆಷ್ಟು ಮಂದಿ? ಇದಕ್ಕೆ ಸರಿಯಾಗಿ ಉತ್ತರಿಸದ ವಿಭಾಗವನ್ನು ನಾನು ನಂಬುವುದಿಲ್ಲ.

ಕೋರ್ಸಿನ ಸ್ವರೂಪ ಸರಳ. ಬ್ರಿಟನ್ನಿನ ಎಂ.ಎ. ಎಂದರೆ 180 ಕ್ರೆಡಿಟ್. ಸಾಮಾನ್ಯವಾಗಿ ಅದರಲ್ಲಿ 120 ಪಾಠದ್ದು, 60 ಬೇಸಿಗೆಯಲ್ಲಿ ಬರೆಯುವ ಪ್ರಬಂಧದ್ದು. ಅಭಿವೃದ್ಧಿ ಸಿದ್ಧಾಂತ, ಸಂಶೋಧನಾ ವಿಧಾನ, ಯೋಜನೆ ರೂಪಿಸುವುದು, ಮೌಲ್ಯಮಾಪನ, ಲಿಂಗತ್ವ, ವಲಸೆ, ಹವಾಮಾನ ಎಲ್ಲ ಕಡೆಯೂ ಇರುತ್ತವೆ. ಸಂಶೋಧನಾ ವಿಧಾನಕ್ಕೆ ಎಷ್ಟು ಕ್ರೆಡಿಟ್, ಕ್ಷೇತ್ರಕಾರ್ಯಕ್ಕೆ ದುಡ್ಡು ಕೊಡುತ್ತಾರೆಯೇ ಎಂಬ ಎರಡನ್ನು ನೋಡಿ. ಉಳಿದದ್ದು ಹೆಚ್ಚು ಕಡಿಮೆ ಒಂದೇ.

ಲಾಗ್‌ಫ್ರೇಮ್ ಎಂಬ, ಯೋಜನೆ ರೂಪಿಸುವ ಕೋಷ್ಟಕದ ಬಗ್ಗೆ ಮಾತ್ರ ಒಂದು ಮಾತು ಹೇಳಲೇಬೇಕು, ಏಕೆಂದರೆ ಅದನ್ನು ನೀವು ಈಗಾಗಲೇ ತುಂಬುತ್ತಿರಬಹುದು. ಅಮೆರಿಕದ ವಿದೇಶಿ ನೆರವು ಸಂಸ್ಥೆಯಾಗಿದ್ದ ಯುಎಸ್‌ಏಡ್‌ಗಾಗಿ 1969ರಲ್ಲಿ ರೂಪಿಸಿದ ಆ ಕೋಷ್ಟಕಕ್ಕೆ ನಾಲ್ಕು ಸಾಲು, ನಾಲ್ಕು ಕಂಬ. ಗುರಿ, ಉದ್ದೇಶ, ಫಲ, ಚಟುವಟಿಕೆ ಎಂದು ಮೇಲಿನಿಂದ ಕೆಳಗೆ. ಎಡಗಡೆ ಏನು ಮಾಡುತ್ತೇವೆ, ನಡುವೆ ಹೇಗೆ ಅಳೆಯುತ್ತೇವೆ, ಪುರಾವೆ ಎಲ್ಲಿದೆ. ಕೊನೆಯ ಕಂಬದ ಹೆಸರು ‘ಊಹೆಗಳು’. ‘ಮಳೆ ಸರಿಯಾಗಿ ಬಂದರೆ’, ‘ಬ್ಯಾಂಕ್ ಮ್ಯಾನೇಜರ್ ವರ್ಗವಾಗದಿದ್ದರೆ’, ‘ಜನ ಗುಳೆ ಹೋಗದಿದ್ದರೆ’ ಎಂಬವೆಲ್ಲ ಅಲ್ಲಿಗೆ ಹೋಗುತ್ತವೆ. ಕೊನೆಯ ದಿನ ಅವಸರದಲ್ಲಿ ಎರಡು ಸಾಲು ಗೀಚಿ ಮುಗಿಸುವ ಆ ಕಂಬದಲ್ಲೇ ನಮ್ಮ ಊರು ಇರುವುದು. ಕೊಪ್ಪಳದ ಒಣಭೂಮಿಯಲ್ಲಿ ಎಷ್ಟೋ ಯೋಜನೆಗಳು ಕೆಟ್ಟದ್ದು ಚಟುವಟಿಕೆ ತಪ್ಪಿದ್ದರಿಂದಲ್ಲ, ಊಹೆ ತಪ್ಪಿದ್ದರಿಂದ. ದುಡ್ಡು ಕೊಡುವವರ ಮುಂದೆ ಕೂತು ಆ ಕಂಬವನ್ನು ಮೊದಲು ತುಂಬಿಸಿ ಎಂದು ಧೈರ್ಯವಾಗಿ ಹೇಳಬಲ್ಲವರು ನಮಗೆ ಬೇಕು. ಒಳ್ಳೆಯ ಕೋರ್ಸ್ ಅದಕ್ಕೆ ಬೇಕಾದ ಭಾಷೆಯನ್ನೂ ಧೈರ್ಯವನ್ನೂ ಕೊಡುತ್ತದೆ.

ಈಗ ದುಡ್ಡಿನ ವಿಷಯ. 40 ಲಕ್ಷ ಸಾಲ, ಶೇ 11 ಬಡ್ಡಿ, ಹತ್ತು ವರ್ಷ ಎಂದು ಲೆಕ್ಕ ಹಾಕಿದರೆ ತಿಂಗಳ ಕಂತು ಸುಮಾರು 55 ಸಾವಿರ. ಓದುವ ವರ್ಷದ ಬಡ್ಡಿ ಸೇರಿದರೆ ಇನ್ನೂ ಹೆಚ್ಚು. ಎಂ.ಎ. ಮುಗಿಸಿ ಬಂದು ಜಿಲ್ಲಾ ಮಟ್ಟದ ಸಂಸ್ಥೆ ಸೇರಿದರೆ ನಿಮ್ಮ ಇಡೀ ಸಂಬಳ ಆ ಕಂತಿಗೆ ಸಾಲದೆ ಹೋಗಬಹುದು. ಆಗ ನೀವು ಬೆಂಗಳೂರಿನಲ್ಲಿ ಸಿಕ್ಕ ಯಾವುದೋ ಕೆಲಸ ಹಿಡಿಯುತ್ತೀರಿ, ಯಾವ ಸಂಘಗಳಿಗಾಗಿ ಓದಲು ಹೋದಿರೋ ಅವು ಕೈಬಿಟ್ಟುಹೋಗುತ್ತವೆ.

ಇಂಗ್ಲೆಂಡಿನಲ್ಲೇ ಉಳಿದು ತೀರಿಸುತ್ತೇನೆ ಎಂದರೆ, ಓದಿನ ನಂತರ ಉಳಿಯುವ ವೀಸಾ ಈಗಿನ ಎರಡು ವರ್ಷದಿಂದ, 2027ರ ಜನವರಿಯಿಂದ ಅರ್ಜಿ ಹಾಕುವವರಿಗೆ, 18 ತಿಂಗಳಿಗೆ ಇಳಿಯುತ್ತದೆ. ಆಮೇಲೆ ಉದ್ಯೋಗ ವೀಸಾ ಬೇಕೆಂದರೆ 2025ರ ಜುಲೈನಿಂದ ಜಾರಿಯಾದ ನಿಯಮದ ಪ್ರಕಾರ ಸಾಮಾನ್ಯ ಸಂಬಳದ ಮಿತಿ ವರ್ಷಕ್ಕೆ 41,700 ಪೌಂಡ್, ಹೊಸದಾಗಿ ಕೆಲಸಕ್ಕೆ ಸೇರುವವರಿಗೆ 33,400. ಸಮುದಾಯ ಸಂಸ್ಥೆಗಳ ಆರಂಭದ ಹುದ್ದೆಗಳಲ್ಲಿ ಅಷ್ಟು ಸಂಬಳ ಸಿಗುವುದೇ ಕಷ್ಟ.

ಏಜೆಂಟರು ಹೇಳಿದ ‘ಖಚಿತ’ ಎಂಬ ಮಾತನ್ನು ಮನಸ್ಸಿನಿಂದ ತೆಗೆದುಹಾಕಿ. ವಿಶ್ವಸಂಸ್ಥೆಯಲ್ಲಿ ಯುವ ಅಧಿಕಾರಿಗಳನ್ನು ತೆಗೆದುಕೊಳ್ಳುವ ಜೆಪಿಒ ಹುದ್ದೆಗಳ ಖರ್ಚನ್ನು ಶ್ರೀಮಂತ ದೇಶಗಳು ಹೊರುತ್ತವೆ, ಹೆಚ್ಚಿನವು ತಮ್ಮ ದೇಶದವರಿಗೇ ಮೀಸಲು. ಅದರ ಮೇಲೆ ಈ ಕ್ಷೇತ್ರದ ದುಡ್ಡೇ ಬತ್ತುತ್ತಿದೆ. 2025ರ ಜನವರಿಯಲ್ಲಿ ಅಮೆರಿಕ ವಿದೇಶಿ ನೆರವನ್ನು ತಡೆಹಿಡಿಯಿತು, ಜುಲೈ 1ಕ್ಕೆ ಯುಎಸ್‌ಏಡ್ ಬಾಗಿಲು ಮುಚ್ಚಿತು. ಬ್ರಿಟನ್ ತನ್ನ ರಾಷ್ಟ್ರೀಯ ಆದಾಯದ ಶೇ 0.5ರಷ್ಟಿದ್ದ ನೆರವನ್ನು 2027ಕ್ಕೆ ಶೇ 0.3ಕ್ಕೆ ಇಳಿಸುವುದಾಗಿ ಹೇಳಿದೆ. ವರ್ಷಗಟ್ಟಲೆ ಅನುಭವವಿದ್ದವರು ಕೆಲಸ ಕಳೆದುಕೊಂಡು ಅದೇ ಹುದ್ದೆಗಳಿಗೆ ಸಾಲು ನಿಂತಿದ್ದಾರೆ. ನಮ್ಮಲ್ಲೂ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) 2020ರ ತಿದ್ದುಪಡಿಯ ನಂತರ ವಿದೇಶಿ ದೇಣಿಗೆ ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ಕೊಡುವಂತಿಲ್ಲ, ಆಡಳಿತ ವೆಚ್ಚದ ಮಿತಿಯೂ ಶೇ 50ರಿಂದ 20ಕ್ಕೆ ಇಳಿದಿದೆ. ದೊಡ್ಡ ಸಂಸ್ಥೆಯ ಮೂಲಕ ದುಡ್ಡು ಪಡೆಯುತ್ತಿದ್ದ ತಾಲ್ಲೂಕು ಮಟ್ಟದ ಸಣ್ಣ ಸಂಸ್ಥೆಗಳಿಗೆ ಇದರ ಪೆಟ್ಟು ಹೆಚ್ಚು ಬಿತ್ತು. ಇಂದು ನಮ್ಮ ಕೆಲಸಗಳಿಗೆ ದುಡ್ಡು ಬರುತ್ತಿರುವುದು ಹೆಚ್ಚಾಗಿ ಸರ್ಕಾರದ ಯೋಜನೆಗಳಿಂದ, ಮತ್ತೆ 2013ರ ಕಂಪನಿ ಕಾಯ್ದೆಯಂತೆ ದೊಡ್ಡ ಕಂಪನಿಗಳು ಲಾಭದ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆಂದು ತೆಗೆದಿಡಬೇಕಾದ ಸಿಎಸ್‌ಆರ್‌ನಿಂದ. ಇವೆರಡರ ಭಾಷೆ ತಿಳಿದವರಿಗೆ ಕೆಲಸ ಇದೆ.

ಹಾಗಾಗಿ ಹೋಗುವುದಾದರೆ ಬೇರೆಯವರ ದುಡ್ಡಿನಲ್ಲಿ ಹೋಗಿ. ಬ್ರಿಟನ್ ಸರ್ಕಾರದ ಚೆವನಿಂಗ್ ವಿದ್ಯಾರ್ಥಿವೇತನ ಕೇಳುವುದು 2,800 ಗಂಟೆ ಕೆಲಸದ ಅನುಭವ, ನಿಮಗೆ ಅದು ಧಾರಾಳವಾಗಿ ಇದೆ. ಮೂರು ಕೋರ್ಸುಗಳ ಹೆಸರು ಕೊಡಬೇಕು, ಮುಗಿದ ಮೇಲೆ ಎರಡು ವರ್ಷ ನಮ್ಮ ದೇಶದಲ್ಲಿ ಇರಬೇಕು. ವಾಪಸು ಬರಲು ಮನಸ್ಸಿರುವವರಿಗೆ ಆ ಷರತ್ತು ಹೊರೆಯಲ್ಲ. ಕಾಮನ್‌ವೆಲ್ತ್ ಶೇರ್ಡ್ ಸ್ಕಾಲರ್‌ಶಿಪ್ ಇರುವುದೇ ಸ್ವಂತ ದುಡ್ಡಿನಲ್ಲಿ ಬ್ರಿಟನ್ನಿಗೆ ಹೋಗಲಾಗದವರಿಗೆ. ಅದು ಕೆಲವು ವಿಶ್ವವಿದ್ಯಾಲಯಗಳ ನಿಗದಿತ ಕೋರ್ಸುಗಳಿಗಷ್ಟೇ ಇರುತ್ತದೆ, ಆದ್ದರಿಂದ ಮೊದಲು ಆ ಪಟ್ಟಿ ನೋಡಿ ಆಮೇಲೆ ಕೋರ್ಸ್ ಆರಿಸಿ. ಇಲ್ಲಿ ಬಹಳ ಮಂದಿ ಎಡವುತ್ತಾರೆ.

ಇಂಗ್ಲೆಂಡ್ ಒಂದನ್ನೇ ಹಿಡಿದು ಕೂರಬೇಡಿ. ಎರಡು ವರ್ಷ ಕೆಲಸ ಮಾಡಿದವರಿಗೆ ಜರ್ಮನಿಯ ಡಿಎಎಡಿ ಸಂಸ್ಥೆ ಅಭಿವೃದ್ಧಿ ವಿಷಯದ ಕೋರ್ಸುಗಳಿಗೆಂದೇ ವಿದ್ಯಾರ್ಥಿವೇತನ ಕೊಡುತ್ತದೆ. ಡಾರ್ಟ್‌ಮುಂಡ್‌ನ ‘ಸ್ಪ್ರಿಂಗ್’ ಕೋರ್ಸಿನಲ್ಲಿ ಮೊದಲ ವರ್ಷ ಜರ್ಮನಿ, ಎರಡನೆಯ ವರ್ಷ ಘಾನಾ, ಟಾಂಜಾನಿಯ, ಫಿಲಿಪ್ಪೀನ್ಸ್‌ನಂಥ ದೇಶದ ವಿಶ್ವವಿದ್ಯಾಲಯದಲ್ಲಿ ಓದು. ನಿಮ್ಮಂಥವರಿಗೆ ಅದು ಇಂಗ್ಲೆಂಡಿಗಿಂತ ಮೇಲು ಎಂಬುದು ನನ್ನ ಅಭಿಪ್ರಾಯ. ನೆದರ್‌ಲೆಂಡ್ಸ್‌ನ ಹೇಗ್‌ನಲ್ಲಿ 1952ರಿಂದಲೂ ಇದೇ ವಿಷಯ ಕಲಿಸುತ್ತಿರುವ ಸಂಸ್ಥೆಯಿದೆ. ಕೆನಡಾದ ಆಂಟಿಗೊನಿಶ್ ಊರಿನ ಕೋಡಿ ಸಂಸ್ಥೆ ಡಿಗ್ರಿ ಕೊಡುವುದಿಲ್ಲ, ಆದರೆ ಬಡ ಮೀನುಗಾರರನ್ನು ಓದಿನ ಕೂಟಗಳಲ್ಲಿ ಸೇರಿಸಿ ಸಹಕಾರ ಸಂಘ ಕಟ್ಟಿದ ಚಳವಳಿಯ ನೆಲದಲ್ಲಿ 1959ರಿಂದ ಕ್ಷೇತ್ರ ಕಾರ್ಯಕರ್ತರಿಗೇ ಕಿರು ಕೋರ್ಸ್ ನಡೆಸುತ್ತಿದೆ.

ನೀವು ಪರಿಶಿಷ್ಟ ಜಾತಿ ಅಥವಾ ಪಂಗಡದವರಾದರೆ ವಿದೇಶದ ಓದಿಗೆ ನೆರವು ನೀಡುವ ರಾಜ್ಯ ಸರ್ಕಾರದ ‘ಪ್ರಬುದ್ಧ’ ಯೋಜನೆಯ ಬಗ್ಗೆ ಜಿಲ್ಲೆಯ ಸಮಾಜ ಕಲ್ಯಾಣ ಕಚೇರಿಯಲ್ಲಿ ವಿಚಾರಿಸಿ. ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನಕ್ಕೆ ಹಾಕುವುದಾದರೆ ನಿಯಮಗಳನ್ನು ಕಣ್ಣಿಟ್ಟು ಓದಿ: 2022ರಲ್ಲಿ ಭಾರತದ ಸಂಸ್ಕೃತಿ, ಇತಿಹಾಸ, ಸಮಾಜದ ಮೇಲಿನ ಅಧ್ಯಯನ ವಿಷಯಗಳನ್ನು ಅದರಿಂದ ಹೊರಗಿಟ್ಟರು. ತನ್ನ ಕೇರಿಯ ಬಗ್ಗೆ ಓದಲು ಹೊರಟ ಹುಡುಗಿಗೆ ಇದು ಅನ್ಯಾಯ ಎಂದೇ ನಾನು ಭಾವಿಸುತ್ತೇನೆ.

ಯಾವುದೂ ಕೈಗೂಡದಿದ್ದರೆ ಇಲ್ಲೇ ಓದಿ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ಎರಡು ವರ್ಷದ ಅಭಿವೃದ್ಧಿ ಎಂ.ಎ.ಯಲ್ಲಿ ಕ್ಷೇತ್ರಕಾರ್ಯ ಗಟ್ಟಿಯಾಗಿದೆ, ಮನೆಯ ಆದಾಯ ನೋಡಿ ಶುಲ್ಕ ಬಿಡುತ್ತಾರೆ. ಮುಂಬೈನಲ್ಲಿ 1936ರಿಂದ ಇರುವ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಇದೆ. ಗದಗಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ನಿಮ್ಮ ಪಕ್ಕದ ಜಿಲ್ಲೆಯಲ್ಲೇ ಇದೆ.

ಅರ್ಜಿಯ ಜೊತೆ ಬರೆಯುವ ಉದ್ದೇಶ ಪತ್ರದ ಬಗ್ಗೆ ಒಂದು ಸಲಹೆ. ‘ಬಡವರ ಸೇವೆ ನನ್ನ ಕನಸು’ ಎಂದು ಶುರುಮಾಡಬೇಡಿ. ಮೂರು ವರ್ಷದಲ್ಲಿ ನಿಮಗೆ ಬಿಡಿಸಲಾಗದೆ ಹೋದ ಒಂದು ಗಂಟನ್ನು ಬರೆಯಿರಿ. ಒಂದೇ ಊರಿನ ಎರಡು ಸಂಘ, ಒಂದೇ ಬ್ಯಾಂಕು, ಒಂದೇ ಮೊತ್ತ. ಒಂದು ಸಂಘ ಹತ್ತು ವರ್ಷ ನಡೆಯಿತು, ಇನ್ನೊಂದು ಎರಡೇ ವರ್ಷಕ್ಕೆ ಒಡೆಯಿತು, ಯಾಕೆ? ನಿಮ್ಮ ನಡಾವಳಿ ಪುಸ್ತಕಗಳನ್ನು ತಿರುವಿದರೆ ಇಂಥದು ಹತ್ತು ಸಿಗುತ್ತವೆ. ಸಂಘದ ಹೆಂಗಸರನ್ನೂ ಕೇಳಿ, ಅವರ ಉತ್ತರವನ್ನು ಅವರ ಮಾತಿನಲ್ಲೇ ಬರೆದಿಟ್ಟುಕೊಳ್ಳಿ. ಮುಂದೆ ನಿಮ್ಮ ಪ್ರಬಂಧವೂ ಅದೇ ಆಗಬಹುದು.

ಈ ವಾರ ಮಾಡಬೇಕಾದದ್ದು ಒಂದೇ. ಸೀಟು ಕೊಟ್ಟ ವಿಶ್ವವಿದ್ಯಾಲಯಕ್ಕೆ ಏಜೆಂಟರ ಮೂಲಕವಲ್ಲ, ನೀವೇ ನೇರವಾಗಿ ಇಮೇಲ್ ಬರೆದು, ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುತ್ತಿರುವುದರಿಂದ ಪ್ರವೇಶವನ್ನು ಒಂದು ವರ್ಷ ಮುಂದೂಡಿ ಎಂದು ಕೇಳಿ. ಹೀಗೆ ಕೇಳುವವರು ಬಹಳ ಮಂದಿ ಇರುತ್ತಾರೆ, ಸಂಕೋಚ ಬೇಡ. ಉತ್ತರ ಬರುವವರೆಗೆ ಡೆಪಾಸಿಟ್ ಕಟ್ಟಬೇಡಿ, ಹೊಲದ ಪಹಣಿಯನ್ನು ಯಾರ ಕೈಗೂ ಕೊಡಬೇಡಿ ಎಂದು ಅಪ್ಪನಿಗೂ ಹೇಳಿ.